ಎಲ್ಲವೂ ನಾರ್ಮಲ್ ಎಂದ ಮೇಲೂ ಉಳಿದ ತಲೆನೋವು

ಬೆಳಗಿನ ಹೊತ್ತು ಮಂಗಳೂರಿಗೆ ಬರುವ ಬಸ್ಸುಗಳಲ್ಲಿ ಸ್ಕ್ಯಾನಿಂಗಿನ ದೊಡ್ಡ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಒಬ್ಬರಾದರೂ ಕಾಣಿಸುತ್ತಾರೆ. ಕಾಸರಗೋಡಿನ ಕಡೆಯಿಂದ, ಭಟ್ಕಳ ಬೈಂದೂರಿನಿಂದ, ಘಟ್ಟದ ಮೇಲಿನ ಮೂಡಿಗೆರೆ ಸಕಲೇಶಪುರಗಳಿಂದ ಜನ ಈ ಊರಿನ ಆಸ್ಪತ್ರೆಗಳನ್ನು ನಂಬಿ ಬರುತ್ತಾರೆ. ನಂಬಲು ಕಾರಣವೂ ಇದೆ. ವೆನ್ಲಾಕ್ ಆಸ್ಪತ್ರೆ ಶುರುವಾದದ್ದು 1848ರಲ್ಲಿ. ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲು ಕುಳಿತದ್ದು 1880ರಲ್ಲಿ. ಈಗ ಕಂಕನಾಡಿಯಿಂದ ದೇರಳಕಟ್ಟೆಯವರೆಗೆ ಹೋದರೆ ವೈದ್ಯಕೀಯ ಕಾಲೇಜುಗಳು ಒಂದರ ಹಿಂದೆ ಒಂದರಂತೆ ಎದುರಾಗುತ್ತವೆ. ಬೆಳಿಗ್ಗೆ ಚೀಟಿ ಬರೆಸಿಕೊಂಡರೆ ಸಂಜೆಯೊಳಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡೂ ಮುಗಿಯುತ್ತವೆ. ಇಂಥ ಊರಿನಲ್ಲಿ ಇದ್ದುಕೊಂಡು, ನನ್ನ ತಲೆನೋವು ಏನು ಎಂದು ತಿಳಿಯಲು ಹೆಚ್ಚುಕಡಿಮೆ ಆರು ತಿಂಗಳು ಹಿಡಿಯಿತು. ಪರೀಕ್ಷೆಗಳಿಗೆ ಬರವಿರಲಿಲ್ಲ. ವೈದ್ಯರಿಗೂ ಬರವಿರಲಿಲ್ಲ. ಹಾಗಿದ್ದರೂ ಉತ್ತರ ಅಷ್ಟು ತಡವಾಗಿ ಬಂದದ್ದು ಯಾಕೆ ಎಂಬುದು ನನ್ನನ್ನು ಈಗಲೂ ಕಾಡುತ್ತಿದೆ. ನನ್ನ ಹಾಗೆಯೇ ವರದಿಗಳನ್ನು ಹಿಡಿದು ಓಡಾಡುತ್ತಿರುವ ಹೆಂಗಸರು ಇನ್ನೂ ಇದ್ದಾರೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಪಿತ್ತ, ಸೈನಸ್, ಟೆನ್ಷನ್

ಶುರುವಾದದ್ದು ಹೋದ ವರ್ಷದ ಏಪ್ರಿಲಿನ ಸೆಕೆಯಲ್ಲಿ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ತಲೆನೋವು ಎದ್ದಿರುತ್ತಿತ್ತು. ಹಿಂದಲೆಯಿಂದ ಹೊರಟು ಎರಡೂ ಕಣ್ಣುಗಳ ಹಿಂದೆ ಬಂದು ನಿಲ್ಲುತ್ತಿತ್ತು. ಹಲ್ಲುಜ್ಜುವಾಗ ವಾಕರಿಕೆ. ಕಾಫಿಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಎದ್ದು ಓಡಾಡಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಸ್ವಲ್ಪ ಇಳಿಯುತ್ತಿತ್ತು. ಇದು ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ತಲೆನೋವು ಬಂದರೆ ಸ್ವಲ್ಪ ಹೊತ್ತು ಮಲಗು ಎಂದು ಎಲ್ಲರೂ ಹೇಳುತ್ತಾರೆ, ನನಗೆ ಮಲಗಿದರೇ ಹೆಚ್ಚಾಗುತ್ತಿತ್ತು.

ಕರಾವಳಿಯ ಮನೆಗಳಲ್ಲಿ ತಲೆನೋವಿನ ಜೊತೆ ವಾಕರಿಕೆ ಸೇರಿದರೆ ಅದು ಪಿತ್ತವೇ. ಅತ್ತೆ ಪುನರ್ಪುಳಿಯ ಸಿಪ್ಪೆ ನೆನೆಸಿ ಶರಬತ್ತು ಮಾಡಿ ಕೊಟ್ಟರು. ಅಮ್ಮ ಊರಿನಿಂದ ಒಂದೆಲಗ ಕಳಿಸಿ ತಂಬುಳಿ ಮಾಡಿಕೋ ಎಂದರು, ತಲೆಸ್ನಾನದ ನಂತರ ನೆತ್ತಿಗೆ ತಿಕ್ಕಲು ರಾಸ್ನಾದಿ ಚೂರ್ಣದ ಪೊಟ್ಟಣ ಕಳಿಸಿದರು. ಅವರು ಪ್ರೀತಿಯಿಂದ ಮಾಡಿದ ಯಾವುದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಬೇಸಿಗೆಯ ತಲೆನೋವಿಗೆ ಅವು ನನಗೆ ಎಷ್ಟೋ ಸಲ ಹಿತ ಕೊಟ್ಟಿವೆ. ಈ ಸಲ ಕೊಡಲಿಲ್ಲ, ಅಷ್ಟೇ.

ಮನೆಮದ್ದು ಮುಗಿದ ಮೇಲೆ ಆಸ್ಪತ್ರೆ. ಒಬ್ಬ ವೈದ್ಯರು ರಕ್ತದೊತ್ತಡ ನೋಡಿದರು, ಸರಿಯಾಗಿತ್ತು. ಗ್ಯಾಸಿಗೆ ಮಾತ್ರೆ ಬರೆದರು. ಇನ್ನೊಬ್ಬರು ಸೈನಸ್ ಎಂದರು. ಮೂಗಿಗೆ ಬಿಡುವ ಔಷಧಿಯಲ್ಲಿ ಇಡೀ ಮಳೆಗಾಲ ಕಳೆಯಿತು. ಮತ್ತೊಬ್ಬರು ತಲೆಯ ಸಿಟಿ ಸ್ಕ್ಯಾನ್ ಮಾಡಿಸಿ, ವರದಿ ನಾರ್ಮಲ್ ಬಂದದ್ದನ್ನು ನೋಡಿ, ಮೈಗ್ರೇನ್ ಇರಬೇಕು ಎಂದರು. ಮನೆಯಲ್ಲಿ ಏನಾದರೂ ಟೆನ್ಷನ್ ಇದೆಯೇ ಎಂದೂ ಕೇಳಿದರು. ಮೂರು ವರ್ಷದ ಮಗಳು, ಕೆಲಸ, ಬಸ್ಸಿನ ಓಡಾಟ ಎಂದು ಹೇಳಿದೆ. ಅವರು ತಲೆಯಾಡಿಸಿದರು, ಉತ್ತರ ಸಿಕ್ಕಿದವರ ಹಾಗೆ. ಆ ಹೊತ್ತಿಗೆ ನೋವಿನ ಮಾತ್ರೆ ಇಲ್ಲದೆ ದಿನ ಸಾಗದ ಸ್ಥಿತಿಗೆ ಬಂದಿದ್ದೆ. ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಸಾಮಾನ್ಯ ನೋವುನಿವಾರಕ ನುಂಗುತ್ತಾ ತಿಂಗಳುಗಟ್ಟಲೆ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತದೆ. ಮೈಗ್ರೇನಿಗೆಂದೇ ಇರುವ ಕೆಲವು ಮಾತ್ರೆಗಳಿಗೆ ತಿಂಗಳಿಗೆ 10 ದಿನವೇ ಸಾಕು. ಇದು ವೈದ್ಯರೆಲ್ಲರಿಗೂ ಗೊತ್ತಿರುವ ಸಂಗತಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಪಟ್ಟಿಗಟ್ಟಲೆ ಕೊಳ್ಳುವ ನಮಗೆ ಮಾತ್ರ ಯಾರೂ ಹೇಳುವುದಿಲ್ಲ.

ಕೆಳಗಿನ ಸಾಲಿನ ಪುಸ್ತಕಗಳು

ನಾನು ನಗರದ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ನಮ್ಮಲ್ಲಿ ಕನ್ನಡ ಸಾಹಿತ್ಯದ ಪುಸ್ತಕಗಳು, ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ 894.814 ಎಂಬ ಸಂಖ್ಯೆಯ ಕೆಳಗೆ ಬರುತ್ತವೆ. ಸ್ಥಳ ಸಾಲದ ಕಾರಣ ಅವುಗಳಲ್ಲಿ ಅರ್ಧದಷ್ಟು ಕಪಾಟುಗಳ ತೀರ ಕೆಳಗಿನ ಸಾಲಿನಲ್ಲಿವೆ. ಆಗಸ್ಟಿನ ಒಂದು ಮಧ್ಯಾಹ್ನ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಒಂದು ಕಥಾಸಂಕಲನ ಕೇಳಿದಳು. ಬಗ್ಗಿ ಪುಸ್ತಕಗಳ ಬೆನ್ನಿನ ಚೀಟಿಗಳನ್ನು ಓದುತ್ತಿದ್ದೆ. ದಶಮಾಂಶದ ಬಿಂದುವಿನ ಆಚೆಯ ಅಂಕಿಗಳು ಮಂಜಾಗಿ ಕಾಣುತ್ತಿದ್ದವು. ಕನ್ನಡಕ ಒರೆಸಿಕೊಂಡೆ, ಪ್ರಯೋಜನವಾಗಲಿಲ್ಲ. ಪುಸ್ತಕ ಸಿಕ್ಕಿತು. ಎದ್ದು ನಿಂತೆ. ಎದುರಿಗಿದ್ದ ಕಪಾಟು, ಕಿಟಕಿ, ಆ ಹುಡುಗಿ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿ, ಅಂಚಿನಿಂದ ನಡುವಿಗೆ ಕತ್ತಲು ಮುಚ್ಚಿಕೊಂಡು ಬಂತು. ತಲೆ ತಿರುಗಲಿಲ್ಲ, ಕಾಲು ಸೋಲಲಿಲ್ಲ. ಕೈಯಲ್ಲಿ ಪುಸ್ತಕದ ಭಾರ ಗೊತ್ತಾಗುತ್ತಿತ್ತು, ಕಣ್ಣು ಮಾತ್ರ ಇರಲಿಲ್ಲ. ಐದಾರು ಸೆಕೆಂಡಿನಲ್ಲಿ ಎಲ್ಲವೂ ಮರಳಿ ಬಂತು. “ಮೇಡಂ, ಏನಾಯಿತು?” ಎಂದು ಅವಳು ಕೇಳಿದಳು. ಏನಿಲ್ಲ ಎಂದೆ. ಆಮೇಲೆ ಅದು ಪದೇ ಪದೇ ಆಗತೊಡಗಿತು. ಮಗಳ ಚಪ್ಪಲಿಯ ಪಟ್ಟಿ ಹಾಕಿ ಎದ್ದಾಗ, ಬಾವಿಯಿಂದ ಸೇದಿದ ಕೊಡ ಎತ್ತಿದಾಗ, ಜೋರಾಗಿ ಕೆಮ್ಮಿದಾಗ.

ಕಣ್ಣಿನ ತೊಂದರೆ ಎಂದರೆ ನಾವು ಮೊದಲು ಹೋಗುವುದು ಕನ್ನಡಕದ ಅಂಗಡಿಗೆ. ನಾನೂ ಹೋದೆ, ಕನ್ನಡಕ ಬದಲಾಯಿಸಿದೆ, ಮತ್ತೆ ಹೋದೆ. ಹಂಪನಕಟ್ಟೆಯ ಆ ಅಂಗಡಿಯ ಹುಡುಗ ಇನ್ನೊಮ್ಮೆ ಪರೀಕ್ಷೆ ಮಾಡಿ, ಹಳೆಯ ಚೀಟಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದ. ಒಂದು ಕನ್ನಡಕ ಮಾರಬಹುದಿತ್ತು, ಮಾರಲಿಲ್ಲ. “ಅಕ್ಕ, ಇದು ನಂಬರಿನ ಸಮಸ್ಯೆಯ ಹಾಗೆ ಕಾಣುವುದಿಲ್ಲ. ಅಕ್ಷರ ಒಮ್ಮೆ ಕಾಣುತ್ತದೆ, ಒಮ್ಮೆ ಇಲ್ಲ ಎನ್ನುತ್ತೀರಿ. ಕಣ್ಣಿಗೆ ಡ್ರಾಪ್ಸ್ ಹಾಕಿಸಿ ನರ ನೋಡಿಸಿಕೊಳ್ಳಿ. ತಡ ಮಾಡಬೇಡಿ” ಎಂದ. ಈ ಇಡೀ ಕಥೆಯಲ್ಲಿ ನನ್ನ ನೋವನ್ನು ಮೊದಲು ಸರಿಯಾಗಿ ಕೇಳಿಸಿಕೊಂಡವನು ಅವನು. ಅದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ಸದ್ದು

ನಮ್ಮ ಮನೆ ಹೊಸಬೆಟ್ಟಿನಲ್ಲಿದೆ. ಕಡಲು ದೂರವಿಲ್ಲ. ಆಷಾಢದಲ್ಲಿ ರಾತ್ರಿಯಿಡೀ ಅದರ ಮೊರೆತ ಕೇಳುತ್ತದೆ. ಕೆಲವು ತಿಂಗಳಿನಿಂದ ಮಲಗಿದ ಕೂಡಲೇ ಬಲಗಿವಿಯಲ್ಲಿ ಒಂದು ಸದ್ದು ಕೇಳುತ್ತಿತ್ತು. ಗಾಳಿ ಊದಿ ಎಳೆದುಕೊಂಡ ಹಾಗೆ, ಒಂದೇ ಲಯದಲ್ಲಿ. ಸಮುದ್ರ ಎಂದುಕೊಂಡೇ ನಿದ್ದೆ ಹೋಗುತ್ತಿದ್ದೆ. ಅದರ ಬಗ್ಗೆ ಯಾವ ವೈದ್ಯರ ಬಳಿಯೂ ಹೇಳುವ ಪ್ರಶ್ನೆಯೇ ಇರಲಿಲ್ಲ, ಸಮುದ್ರದ ಸದ್ದನ್ನು ಯಾರಾದರೂ ಕಾಯಿಲೆ ಎಂದು ಹೇಳುತ್ತಾರೆಯೇ?

ದಸರಾ ರಜೆಗೆ ಅಮ್ಮನ ಮನೆಗೆ ಹೋದೆ. ಸುಳ್ಯದಿಂದ ಒಳಗೆ, ಅಡಿಕೆ ತೋಟಗಳ ನಡುವೆ. ಮಳೆ ಬಿಟ್ಟಿತ್ತು. ರಾತ್ರಿ ಅಮ್ಮನ ಪಕ್ಕ ಚಾಪೆ ಹಾಸಿ ಮಲಗಿದೆ. ತೋಟದಲ್ಲಿ ಜೀರುಂಡೆಗಳ ಸದ್ದು, ಅದರ ಒಳಗಿನಿಂದ ಅದೇ ಮೊರೆತ. “ಹೊಳೆ ಇಷ್ಟು ಜೋರಾಗಿ ಹರಿಯುತ್ತಿದೆಯಾ ಅಮ್ಮ?” ಎಂದು ಕೇಳಿದೆ. “ಯಾವ ಹೊಳೆ? ಇಲ್ಲಿಗೆ ಕೇಳುವ ಹೊಳೆ ಎಲ್ಲಿದೆ?” ಎಂದರು. ಎದ್ದು ಕುಳಿತೆ, ಸದ್ದು ಸಣ್ಣದಾಯಿತು. ಮಲಗಿದೆ, ಜೋರಾಯಿತು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನೋಡಿದೆ. ನಾಡಿ ಒಮ್ಮೆ ಬಡಿದರೆ ಕಿವಿಯಲ್ಲಿ ಒಂದು ಮೊರೆತ. ಎರಡೂ ಒಂದಕ್ಕೊಂದು ತಪ್ಪುತ್ತಿರಲಿಲ್ಲ. ಅಮ್ಮ ನನ್ನ ಮುಖ ನೋಡಿ ದೀಪ ಹಾಕಿದರು. ನನಗೆ ನಿಜವಾದ ಭಯ ಶುರುವಾದದ್ದು ಆ ರಾತ್ರಿ. ನೋವಿಗೆ ಅಷ್ಟು ಹೆದರಿರಲಿಲ್ಲ. ತಿಂಗಳುಗಳಿಂದ ಹೊರಗಿನದು ಎಂದುಕೊಂಡದ್ದು ನನ್ನ ತಲೆಯೊಳಗೇ ಇತ್ತು ಎಂದು ತಿಳಿದಾಗ ಹೆದರಿದೆ.

ತಿರುಗಿ ಕೇಳುವುದು

ಮಂಗಳೂರಿಗೆ ಮರಳಿದ ಮರುದಿನವೇ ಒಬ್ಬ ಹಿರಿಯ ಕಣ್ಣಿನ ವೈದ್ಯೆಯ ಬಳಿ ಹೋದೆ. ಹಳೆಯ ಕಟ್ಟಡದ ಮಹಡಿಯ ಮೇಲೆ ಎರಡು ಕೋಣೆಗಳ ಸಣ್ಣ ಕ್ಲಿನಿಕ್. ಅವರು ನನ್ನ ಫೈಲನ್ನು ತೆರೆಯದೆ ಪಕ್ಕಕ್ಕಿಟ್ಟರು. “ಅದನ್ನು ಆಮೇಲೆ ನೋಡೋಣ. ಮೊದಲು ನೀವು ಹೇಳಿ” ಎಂದರು. ಹೇಳಿದೆ. ಮುಗಿಸಿದ ಮೇಲೆ ಅವರು ಕೇಳತೊಡಗಿದರು. ನೋವು ಹೆಚ್ಚುವುದು ಮಲಗಿದಾಗಲೋ ನಿಂತಾಗಲೋ? ಬಗ್ಗಿ ಎದ್ದಾಗ ಕಣ್ಣು ಕತ್ತಲಾಗುತ್ತದೆಯೇ? ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ಕಿವಿಯಲ್ಲಿ ನಾಡಿಯ ಜೊತೆ ಬಡಿಯುವ ಸದ್ದು ಇದೆಯೇ? ಈ ಕೊನೆಯ ಪ್ರಶ್ನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಮೊಡವೆಗೆ ಮಾತ್ರೆ ತೆಗೆದುಕೊಂಡಿದ್ದೀರಾ, ವಿಟಮಿನ್ ಎ ಮಾತ್ರೆ, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್? ಒಂದು ವರ್ಷದಲ್ಲಿ ತೂಕ ಎಷ್ಟು ಹೆಚ್ಚಾಗಿದೆ? ಮನೆಯಲ್ಲಿ ಬೇರೆ ಯಾರಿಗಾದರೂ ತಲೆನೋವು ಇದೆಯೇ? ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯೇ?

ಗೀಸರಿನ ಮಾತು ಯಾಕೆ ಬಂತು ಎಂದು ಕೇಳಿದೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು, ವಾಕರಿಕೆ, ಕಣ್ಣು ಮಂಜಾಗುವುದು ಎಲ್ಲವೂ ಅದರಿಂದಲೂ ಬರುತ್ತವೆ, ಹೆಚ್ಚಾದರೆ ಜೀವವನ್ನೇ ತೆಗೆಯುತ್ತದೆ ಎಂದರು. ಸ್ನಾನದ ನಂತರ ಮಾತ್ರ ಹೀಗಾಗುತ್ತಿದ್ದರೆ, ಮನೆಯಿಂದ ಹೊರಬಂದಾಗ ಕಡಿಮೆಯಾಗುತ್ತಿದ್ದರೆ, ಮನೆಯ ಇತರರಿಗೂ ಇದ್ದರೆ ಮೊದಲು ಅದನ್ನು ಅನುಮಾನಿಸಬೇಕಂತೆ. ನಮ್ಮ ಮನೆಯಲ್ಲಿ ಇರುವುದು ವಿದ್ಯುತ್ ಗೀಸರ್. ಆದರೆ ಈ ಒಂದು ಪ್ರಶ್ನೆಯನ್ನು ನಾನು ಆಮೇಲೆ ಎಷ್ಟೋ ಮಂದಿಗೆ ಕೇಳಿದ್ದೇನೆ. ಈಗ ಕಟ್ಟುತ್ತಿರುವ ಫ್ಲಾಟುಗಳ ಬಚ್ಚಲುಗಳು ಎಷ್ಟು ಚಿಕ್ಕವು ಎಂಬುದು ನಿಮಗೂ ಗೊತ್ತಿದೆ.

ಆಮೇಲೆ ಕಣ್ಣಿಗೆ ಡ್ರಾಪ್ಸ್ ಹಾಕಿ, ಪಾಪೆ ಅಗಲವಾಗುವವರೆಗೆ ಹೊರಗೆ ಕೂರಿಸಿದರು. ಕತ್ತಲೆ ಕೋಣೆಯಲ್ಲಿ ಬೆಳಕು ಹಾಯಿಸಿ ಮೊದಲು ಬಲಗಣ್ಣು, ನಂತರ ಎಡಗಣ್ಣು, ಮತ್ತೆ ಬಲಗಣ್ಣು ನೋಡಿದರು. ಮೆದುಳಿನಿಂದ ಬರುವ ಕಣ್ಣಿನ ನರ ಕಣ್ಣುಗುಡ್ಡೆಯ ಹಿಂಭಾಗದಲ್ಲಿ ಒಂದು ಸಣ್ಣ ದುಂಡನೆಯ ಬಿಲ್ಲೆಯಾಗಿ ಕಾಣುತ್ತದೆ. ಆರೋಗ್ಯವಂತರಲ್ಲಿ ಅದರ ಅಂಚು ಸ್ಪಷ್ಟವಾಗಿರುತ್ತದೆ. ನನ್ನ ಎರಡೂ ಕಣ್ಣುಗಳಲ್ಲಿ ಅದು ಊದಿಕೊಂಡು ಅಂಚೇ ಅಳಿಸಿಹೋಗಿತ್ತು. ಪ್ಯಾಪಿಲೆಡೀಮಾ ಎಂದರು. ತಲೆಬುರುಡೆಯೊಳಗಿನ ಒತ್ತಡ ಏರಿದೆ ಎನ್ನುವುದಕ್ಕೆ ಅದು ಸಾಕ್ಷಿ. ಆಗಲೇ ನರರೋಗ ತಜ್ಞರೊಬ್ಬರಿಗೆ ಫೋನ್ ಮಾಡಿ, “ಇವತ್ತೇ ನೋಡಬೇಕು” ಎಂದರು. ಕಣ್ಣಿನೊಳಗೆ ಇಣುಕುವ ಆ ಉಪಕರಣವನ್ನು ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಜಗತ್ತಿಗೆ ತಿಳಿಸಿದ್ದು 1851ರಲ್ಲಿ. ವೆನ್ಲಾಕ್ ಶುರುವಾದ ಕಾಲದ್ದು. ಅಷ್ಟು ಹಳೆಯದು, ಅಷ್ಟು ಅಗ್ಗದ್ದು. ಅದಕ್ಕಿಂತ ಎಷ್ಟೋ ಪಾಲು ದುಬಾರಿಯಾದ ಸಿಟಿ ಸ್ಕ್ಯಾನಿನ ವರದಿಯಲ್ಲಿ ನಾನು ನಾರ್ಮಲ್ ಆಗಿದ್ದೆ.

ಆ ಸ್ಕ್ಯಾನಿನ ಚೀಟಿಯನ್ನು ಈಚೆಗೆ ಮತ್ತೆ ತೆಗೆದು ನೋಡಿದೆ. ಕಾರಣ ಎಂಬ ಜಾಗದಲ್ಲಿ ಬರೆದದ್ದು ತಲೆನೋವು ಎಂಬ ಒಂದೇ ಪದ. ರಕ್ತಸ್ರಾವ ಇದೆಯೇ, ಗಡ್ಡೆ ಇದೆಯೇ ಎಂಬುದು ಅದರ ಹಿಂದಿದ್ದ ಪ್ರಶ್ನೆ. ಇಲ್ಲ ಎಂಬ ಉತ್ತರ ಬಂತು, ಅದು ಸತ್ಯವೇ ಆಗಿತ್ತು. ವರದಿ ಸುಳ್ಳು ಹೇಳಲಿಲ್ಲ. ಅದನ್ನು ಕೇಳಿದ್ದಷ್ಟಕ್ಕೆ ಅದು ಉತ್ತರಿಸಿತು, ನಾವೆಲ್ಲ ಸೇರಿ ಅದನ್ನು ಎಲ್ಲದಕ್ಕೂ ಉತ್ತರ ಎಂದು ಓದಿಕೊಂಡೆವು.

ಗ್ರಂಥಾಲಯದ ಕೆಲಸ ಇದನ್ನು ಪ್ರತಿದಿನ ಕಲಿಸುತ್ತದೆ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ತಮ್ಮ ವೃತ್ತಿಯನ್ನು ಶುರುಮಾಡಿದ್ದು ಇದೇ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, 1917ರಲ್ಲಿ, ಗಣಿತದ ಅಧ್ಯಾಪಕರಾಗಿ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಕೌಂಟರಿಗೆ ಬಂದ ಹುಡುಗ “ಇತಿಹಾಸದ ಪುಸ್ತಕ ಬೇಕು” ಎಂದರೆ ಅವನಿಗೆ ಬೇಕಾಗಿರುವುದು ಅಬ್ಬಕ್ಕ ರಾಣಿಯ ಬಗ್ಗೆ ನಾಲ್ಕು ಪುಟ ಆಗಿರುತ್ತದೆ. ತಿರುಗಿ ಕೇಳದಿದ್ದರೆ ಅವನು ಸಾವಿರಾರು ಪುಸ್ತಕಗಳ ನಡುವೆ ಸಂಜೆಯವರೆಗೆ ಅಲೆದು ಬರಿಗೈಯಲ್ಲಿ ಹೋಗುತ್ತಾನೆ. ರೋಗಿಯ ಮೊದಲ ಮಾತೂ ಹಾಗೆಯೇ. ತಲೆನೋವು ಎನ್ನುವುದು ನಾನು ಕೌಂಟರಿನಲ್ಲಿ ಹೇಳಿದ ಮೊದಲ ಪದ, ಅಷ್ಟೇ. ಹೊರರೋಗಿ ವಿಭಾಗದ ಸಾಲು ಬಾಗಿಲು ದಾಟಿ ಮೆಟ್ಟಿಲವರೆಗೆ ಇರುತ್ತದೆ, ಒಬ್ಬ ವೈದ್ಯರಿಗೆ ಒಬ್ಬ ರೋಗಿಗೆಂದು ಸಿಗುವ ನಿಮಿಷಗಳು ಬೆರಳಲ್ಲಿ ಎಣಿಸುವಷ್ಟು. ಅದು ನನಗೆ ಅರ್ಥವಾಗುತ್ತದೆ. ಆದರೂ ಆ ಹಿರಿಯ ವೈದ್ಯೆ ಕೇಳಿದ ಪ್ರಶ್ನೆಗಳಿಗೆ ಹಿಡಿದದ್ದು ಹತ್ತು ನಿಮಿಷ ಎಂಬುದನ್ನು ಮರೆಯಲು ಆಗುವುದಿಲ್ಲ.

ಬೆನ್ನಿನಿಂದ ತೆಗೆದ ನೀರು

ಮುಂದಿನದು ಬೇಗ ಬೇಗ ನಡೆಯಿತು. ಎಂಆರ್‌ಐ ಮಾಡಿದರು, ಅದರ ಜೊತೆ ಮೆದುಳಿನ ರಕ್ತನಾಳಗಳನ್ನು ತೋರಿಸುವ ವೀನೋಗ್ರಾಮ್ ಮಾಡಿದರು. ಮೆದುಳಿನಿಂದ ರಕ್ತ ಮರಳಿಸುವ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದರೂ ಇವೇ ಲಕ್ಷಣಗಳು ಬರುತ್ತವೆ. ಹೆರಿಗೆಯ ನಂತರದ ವಾರಗಳಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದರ ಭಯ ಹೆಚ್ಚು, ಆದ್ದರಿಂದ ಅದು ಇಲ್ಲ ಎಂದು ಖಚಿತಪಡಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ನನಗೆ ಗಡ್ಡೆ ಇರಲಿಲ್ಲ, ಹೆಪ್ಪುಗಟ್ಟಿರಲಿಲ್ಲ. ಉಳಿದದ್ದು ಒತ್ತಡವನ್ನು ಅಳೆಯುವುದು.

ನಮ್ಮ ಊರಿನಲ್ಲಿ ಬೆನ್ನಿನಿಂದ ನೀರು ತೆಗೆಯುವುದು ಎಂದರೆ ಜನ ಬೆಚ್ಚಿಬೀಳುತ್ತಾರೆ. ಕಾಲು ಹೋಗುತ್ತದೆ ಎಂದು ಅತ್ತೆ ಅತ್ತರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ ಎಂದು ಕಿರಿಯ ವೈದ್ಯೆಯೊಬ್ಬಳು ಚಿತ್ರ ಬರೆದು ಅವರಿಗೆ ತೋರಿಸಿದಳು. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳನ್ನು ಎದೆಗೆ ತಂದು ಮುದುಡಿಕೊಳ್ಳಲು ಹೇಳಿದರು. ಸೊಂಟಕ್ಕೆ ತಣ್ಣನೆಯ ಔಷಧಿ ಬಳಿದರು, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಆಮೇಲೆ ಒಳಗೆ ಏನೋ ಒತ್ತಿದ ಹಾಗೆ, ಬಲಗಾಲಿಗೆ ಒಮ್ಮೆ ಜುಮ್ಮೆಂದ ಹಾಗೆ. ಸೂಜಿಗೆ ಉದ್ದನೆಯ ಕೊಳವೆ ಜೋಡಿಸಿದ್ದರು. “ಕಾಲು ಸ್ವಲ್ಪ ಸಡಿಲ ಬಿಡಿ, ಉಸಿರು ಬಿಗಿಹಿಡಿಯಬೇಡಿ” ಎಂದಳು ಕಿರಿಯ ವೈದ್ಯೆ. ಕೊಳವೆಯಲ್ಲಿ ನೀರು ಏರುವುದನ್ನು ನಾನು ನೋಡಲಾಗಲಿಲ್ಲ, ಅವಳು ಓದುವುದನ್ನು ಕೇಳಿಸಿಕೊಂಡೆ. ಇಪ್ಪತ್ತೆರಡು, ಇಪ್ಪತ್ತೆಂಟು, ಮೂವತ್ತೊಂದು, ಮೂವತ್ತನಾಲ್ಕು. ಅಲ್ಲಿ ನಿಂತಿತು. ವಯಸ್ಕರಲ್ಲಿ ಕೊಳವೆಯ ನೀರು 25 ಸೆಂಟಿಮೀಟರ್ ದಾಟಿದರೆ ಅದು ಹೆಚ್ಚಿನ ಒತ್ತಡ. ಒಂದಿಷ್ಟು ನೀರು ತೆಗೆದರು. ಬಾಟಲಿಯಲ್ಲಿ ನೋಡಿದರೆ ಬಾವಿಯ ನೀರಿನಷ್ಟು ತಿಳಿ. ಮಾರನೆಯ ದಿನ ತಲೆನೋವು ದಿಕ್ಕು ಬದಲಿಸಿತ್ತು: ಕುಳಿತರೆ ಬರುತ್ತಿತ್ತು, ಮಲಗಿದರೆ ಹೋಗುತ್ತಿತ್ತು. ಸೂಜಿ ಹಾಕಿದ ನಂತರ ಕೆಲವು ದಿನ ಹಾಗಾಗುವುದುಂಟು ಎಂದರು. ಕಾಫಿ ಕುಡಿಯಲು ಹೇಳಿದರು. ತಿಂಗಳುಗಳ ನಂತರ ಕಾಫಿ ರುಚಿಯಾಗಿತ್ತು.

ಕಾಯಿಲೆಯ ಹೆಸರು ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್, ಅಂದರೆ ಕಾರಣ ತಿಳಿಯದೆ ತಲೆಬುರುಡೆಯೊಳಗೆ ಏರುವ ಒತ್ತಡ. ಮೆದುಳು ಒಂದು ತೆಳು ದ್ರವದಲ್ಲಿ ತೇಲುತ್ತಿರುತ್ತದೆ. ಯಾವುದೇ ಹೊತ್ತಿನಲ್ಲಿ ಅದು ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಹುಟ್ಟುತ್ತದೆ, ಅಷ್ಟೇ ರಕ್ತಕ್ಕೆ ಸೇರಿಹೋಗುತ್ತದೆ. ಈ ಲೆಕ್ಕ ತಪ್ಪಿದರೆ ಹಿಗ್ಗಲು ಬಾರದ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಕಣ್ಣಿನ ನರದ ಸುತ್ತಲಿನ ಪೊರೆ ಮೆದುಳಿನ ಪೊರೆಯ ಮುಂದುವರಿಕೆಯೇ ಆದ್ದರಿಂದ ಆ ಒತ್ತಡ ಕಣ್ಣಿನ ಹಿಂದಕ್ಕೂ ಬರುತ್ತದೆ. ಮಲಗಿದಾಗ ನೋವು ಹೆಚ್ಚುವುದು, ಬಗ್ಗಿ ಎದ್ದಾಗ ಕಣ್ಣು ಕತ್ತಲಾಗುವುದು, ಕಿವಿಯ ಮೊರೆತ, ನಾನು ಬಿಡಿಬಿಡಿಯಾಗಿ ಅನುಭವಿಸಿದ್ದೆಲ್ಲ ಒಂದೇ ಕಾರಣದಿಂದ ಬಂದದ್ದಾಗಿತ್ತು. ಚಿಕಿತ್ಸೆಯಿಲ್ಲದೆ ಬಿಟ್ಟರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ನೋಟದ ಹರವನ್ನು ಅಳೆಯುವ ಫೀಲ್ಡ್ ಟೆಸ್ಟ್ ಮಾಡಿದಾಗ ಅದು ಅರ್ಥವಾಯಿತು. ಗಲ್ಲವನ್ನು ಆನಿಸಿ, ಒಂದು ಕಣ್ಣು ಮುಚ್ಚಿ, ಬಿಳಿಯ ಬಟ್ಟಲಿನಂಥ ಪರದೆಯಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಎಲ್ಲ ಚುಕ್ಕೆಗಳನ್ನೂ ಒತ್ತಿದ್ದೇನೆ ಎಂದೇ ನಂಬಿದ್ದೆ. ಮುದ್ರಿತ ಹಾಳೆಯಲ್ಲಿ ಎಡಗಣ್ಣಿನ ನೋಟದ ಕೆಳಗಿನ ಮೂಲೆ, ಮೂಗಿನ ಬದಿಯಲ್ಲಿ, ಕಪ್ಪಾಗಿತ್ತು. ಅಲ್ಲಿ ಬೆಳಕು ಬಂದು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

ತೂಕದ ಮಾತು

ಅಸೆಟಜೋಲಮೈಡ್ ಎಂಬ ಮಾತ್ರೆ ಕೊಟ್ಟರು. ಅದು ತಲೆಯೊಳಗಿನ ದ್ರವ ಹುಟ್ಟುವುದನ್ನು ತಗ್ಗಿಸುತ್ತದೆ. ಬೆರಳುಗಳ ತುದಿ, ತುಟಿಯ ಸುತ್ತ ಇರುವೆ ಹರಿದಂತೆ ಜುಮುಜುಮು ಎನ್ನುತ್ತದೆ. ಲಿಂಬೆ ಸೋಡಾ ಕುಡಿದರೆ ತುಕ್ಕಿನ ರುಚಿ ಬರುತ್ತದೆ, ಏಕೆಂದರೆ ಈ ಮಾತ್ರೆ ತಡೆಯುವ ಕಿಣ್ವವೇ ನಾಲಿಗೆಯಲ್ಲಿದ್ದು ಸೋಡಾದ ಚುರುಕನ್ನು ಗುರುತಿಸುವುದು. ಇವನ್ನೆಲ್ಲ ಸಹಿಸಬಹುದು. ಕಷ್ಟವಾದದ್ದು ಎರಡನೆಯ ಸಲಹೆ: ತೂಕ ಇಳಿಸಬೇಕು, ಉಪ್ಪು ಕಡಿಮೆ ಮಾಡಬೇಕು.

ಈ ಕಾಯಿಲೆ ಹೆಚ್ಚಾಗಿ ಬರುವುದು ಮಕ್ಕಳಾಗುವ ವಯಸ್ಸಿನ, ಈಚೆಗೆ ತೂಕ ಹೆಚ್ಚಿದ ಹೆಂಗಸರಿಗೆ. ಅಮೆರಿಕದಲ್ಲಿ ಈ ಮಾತ್ರೆಯನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಭಾಗವಹಿಸಿದ 165 ಮಂದಿಯಲ್ಲಿ 161 ಮಂದಿ ಹೆಂಗಸರು. ಅಲ್ಲಿ ಎಲ್ಲರಿಗೂ ಕಡಿಮೆ ಉಪ್ಪಿನ, ತೂಕ ಇಳಿಸುವ ಆಹಾರಕ್ರಮ ಇತ್ತು, ಮಾತ್ರೆಯೂ ಸಿಕ್ಕವರ ದೃಷ್ಟಿ ಹೆಚ್ಚು ಸುಧಾರಿಸಿತು. ಹೆರಿಗೆಯ ನಂತರ ಇಳಿಯದ ತೂಕದ ಮೇಲೆ ಒಂದೇ ವರ್ಷದಲ್ಲಿ ನನಗೆ ಎಂಟು ಕಿಲೋ ಏರಿತ್ತು. ಮದುವೆ ಮನೆಗಳಲ್ಲಿ “ಎಷ್ಟು ದಪ್ಪ ಆಗಿದ್ದೀಯಲ್ಲ ಮಾರಾಯ್ತಿ” ಎಂಬ ಮಾತನ್ನು ಎಲೆ ಹಾಕುವ ಮೊದಲೇ ಕೇಳಿಸಿಕೊಂಡವಳು ನಾನು. ಆ ಮಾತು ಕೇಳಿದ ದಿನ ಮನೆಗೆ ಬಂದು ಯಾರಿಗೂ ಹೇಳದೆ ಎರಡು ಪಾಲು ತಿಂದದ್ದೂ ಉಂಟು. ನರರೋಗ ತಜ್ಞರು ಬೇರೆ ರೀತಿಯಲ್ಲಿ ಹೇಳಿದರು. ಈಗಿನ ತೂಕದ ಶೇಕಡಾ 5ರಿಂದ 15ರಷ್ಟು ಇಳಿದರೆ ಒತ್ತಡ ಇಳಿಯುವ ಸಾಧ್ಯತೆ ಚೆನ್ನಾಗಿದೆ, ಇದೂ ಔಷಧಿಯೇ, ನಿಧಾನವಾಗಿ ಕೆಲಸ ಮಾಡುವ ಔಷಧಿ, ಪಥ್ಯದ ತಜ್ಞರ ಜೊತೆ ಕೂತು ಯೋಜನೆ ಮಾಡೋಣ ಎಂದರು. ಅದರಲ್ಲಿ ನನ್ನನ್ನು ದೂರುವ ದನಿ ಇರಲಿಲ್ಲ. ತೂಕ ಹೆಚ್ಚಿರುವವರೆಲ್ಲರಿಗೂ ಈ ಕಾಯಿಲೆ ಬರುವುದಿಲ್ಲ, ತೆಳ್ಳಗಿರುವವರಿಗೂ ಬರುವುದುಂಟು ಎಂದೂ ಹೇಳಿದರು. ವೈದ್ಯರು ದೇಹದ ಬಗ್ಗೆ ಹೇಳುವ ಸತ್ಯವನ್ನು ಹೀಗೂ ಹೇಳಬಹುದು ಎಂದು ನನಗೆ ಮೊದಲ ಸಲ ಗೊತ್ತಾಯಿತು.

ಉಪ್ಪು ಬಿಡುವುದು ನಮ್ಮ ಅಡುಗೆಮನೆಯಲ್ಲಿ ಸಣ್ಣ ಮಾತಲ್ಲ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ಇಲ್ಲದಿದ್ದರೆ ಊಟವೇ ಅಲ್ಲ. ಮಳೆಗಾಲಕ್ಕೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಮೀನು, ಹಪ್ಪಳ, ಎಲ್ಲವೂ ಉಪ್ಪಿನ ಮೇಲೆ ನಿಂತವು. ಅತ್ತೆಯೇ ದಾರಿ ಕಂಡುಕೊಂಡರು. ಗಂಜಿಗೆ ತೆಂಗಿನಕಾಯಿ, ಹಸಿಮೆಣಸು, ಶುಂಠಿ ಸೇರಿಸಿ ಲಿಂಬೆರಸ ಹಿಂಡಿದ ಚಟ್ನಿ ಅರೆಯುತ್ತಾರೆ, ಉಪ್ಪು ಹಾಕುವ ಮೊದಲು ನನ್ನ ಪಾಲನ್ನು ತೆಗೆದಿಡುತ್ತಾರೆ. ಸಂಜೆ ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಬರುತ್ತೇನೆ.

ಯಾಕೆ ಬಂತು?

ಅಮ್ಮ ಈಗಲೂ ಕೇಳುವ ಪ್ರಶ್ನೆ ಇದೊಂದೇ. ಯಾಕೆ ಬಂತು? ಮಂದ ಬೆಳಕಿನಲ್ಲಿ ಓದಿದ್ದರಿಂದಲೇ, ಬಾಣಂತನದಲ್ಲಿ ಬೇಗ ತಲೆಸ್ನಾನ ಮಾಡಿದ್ದರಿಂದಲೇ, ಯಾರದಾದರೂ ದೃಷ್ಟಿ ತಗುಲಿತೇ? ಮೊದಲ ಎರಡು ಕಾರಣವಲ್ಲ ಎಂದು ವೈದ್ಯರಿಂದಲೇ ಹೇಳಿಸಿದೆ. ಹಾಗಾದರೆ ಏನು ಎಂದರೆ ಉತ್ತರವಿಲ್ಲ. ಜರ್ಮನ್ ವೈದ್ಯ ಹೈನ್ರಿಕ್ ಕ್ವಿಂಕೆ ಬೆನ್ನಿನಿಂದ ನೀರು ತೆಗೆಯುವ ವಿಧಾನವನ್ನು 1891ರಲ್ಲಿ ವಿವರಿಸಿದರು, ಇಂಥ ರೋಗಿಗಳನ್ನು ಗಮನಿಸಿ ಬರೆದದ್ದೂ ಅದೇ ದಶಕದಲ್ಲಿ. 1937ರಲ್ಲಿ ಅಮೆರಿಕದ ಮೆದುಳು ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ರೋಗವನ್ನು ಗುರುತಿಸುವ ಲಕ್ಷಣಗಳನ್ನು ಒಂದೆಡೆ ಕಟ್ಟಿಕೊಟ್ಟರು. ಹಾರ್ಮೋನುಗಳ ಪಾತ್ರ ಇರಬಹುದು, ಮೆದುಳಿನ ರಕ್ತನಾಳ ಕಿರಿದಾಗುವುದರ ಪಾತ್ರ ಇರಬಹುದು ಎಂಬ ಶೋಧನೆ ನಡೆಯುತ್ತಿದೆ. ಮೂಲ ಕಾರಣ ಇನ್ನೂ ಸಿಕ್ಕಿಲ್ಲ.

“ಅಷ್ಟೆಲ್ಲ ಮಾಡಿಯೂ ಯಾಕೆ ಎಂದು ಹೇಳಲಿಲ್ಲವಲ್ಲ” ಎಂದು ಅಮ್ಮ ಕೊರಗುತ್ತಾರೆ. ನನಗೆ ಆ ಕೊರಗಿಲ್ಲ. ಮೊದಲು ಕಾರಣ ತಿಳಿಯದಿದ್ದಾಗ ಎಲ್ಲರ ಕಣ್ಣೂ ನನ್ನ ಕಡೆ ತಿರುಗುತ್ತಿತ್ತು. ವರದಿಗಳೆಲ್ಲ ನಾರ್ಮಲ್, ಹಾಗಾದರೆ ಇವಳ ಮನಸ್ಸಿನಲ್ಲೇ ಏನೋ ಇದೆ. ಕೆಲವೊಮ್ಮೆ ನನಗೂ ಹಾಗನ್ನಿಸಿದ್ದುಂಟು. ಈಗ ತಿಳಿಯದಿರುವುದು ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯ. ಹುಡುಕುವವರು ಹುಡುಕುತ್ತಿದ್ದಾರೆ. ಆ ಭಾರ ನನ್ನ ಮೇಲಿಲ್ಲ.

ಪಕ್ಕದ ಮನೆಯ ಹಿರಿಯರೊಬ್ಬರಿಗೆ ಈಚೆಗೆ ರಾತ್ರಿ ಹಠಾತ್ತಾಗಿ ತಲೆನೋವು, ವಾಂತಿ, ಒಂದು ಕಣ್ಣು ಕೆಂಪು, ಬಲ್ಬಿನ ಸುತ್ತ ಬಣ್ಣದ ಬಳೆ ಕಾಣಿಸಿತು. ಪಿತ್ತ ಎಂದು ಲಿಂಬೆ ಶರಬತ್ತು ಮಾಡುತ್ತಿದ್ದರು. ನಾನು ಮತ್ತು ನನ್ನ ಗಂಡ ಅವರನ್ನು ರಾತ್ರಿಯೇ ಕಣ್ಣಿನ ವೈದ್ಯರಿರುವ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆವು. ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರುವ ಗ್ಲಾಕೋಮಾ ಅದು. ಗಂಟೆಗಳಲ್ಲಿ ದೃಷ್ಟಿ ಹೋಗಬಹುದಿತ್ತು. ಔಷಧಿ ಕೊಟ್ಟು ಒತ್ತಡ ಇಳಿಸಿ, ಮರುದಿನ ಲೇಸರಿನಿಂದ ಸಣ್ಣ ತೂತು ಮಾಡಿದರು. ಅವರ ಕಣ್ಣು ಉಳಿಯಿತು. ತಲೆನೋವಿಗೂ ಕಣ್ಣಿಗೂ ಇರುವ ನಂಟನ್ನು ನಾನು ಸಿಕ್ಕಿದವರಿಗೆಲ್ಲ ಹೇಳುವುದು ಇದಕ್ಕೇ. ಬೆಳಿಗ್ಗೆ ಮಲಗಿದಲ್ಲೇ ಏಳುವ ತಲೆನೋವು ವಾರಗಟ್ಟಲೆ ಹೋಗದಿದ್ದರೆ, ಬಗ್ಗಿ ಎದ್ದಾಗ ಕಣ್ಣು ಕತ್ತಲಾದರೆ, ಡ್ರಾಪ್ಸ್ ಹಾಕಿಸಿ ಕಣ್ಣಿನ ಹಿಂಭಾಗ ನೋಡಿಸಿಕೊಳ್ಳಿ. ನೋಡಿದ್ದಾರೆಯೇ ಎಂದು ನೀವೇ ಬಾಯಿಬಿಟ್ಟು ಕೇಳಿ.

ಈಗ ನರದ ಊತ ಬಹುಪಾಲು ಇಳಿದಿದೆ, ಕಿವಿಯ ಸದ್ದು ಅಪರೂಪ. ಎಡಗಣ್ಣಿನ ಆ ಮೂಲೆ ಪೂರ್ತಿಯಾಗಿ ಮರಳಿಲ್ಲ, ಮರಳದೆಯೂ ಇರಬಹುದು ಎಂದು ಹೇಳಿದ್ದಾರೆ. ಮಾತ್ರೆಯ ಪ್ರಮಾಣ ಕಡಿಮೆ ಮಾಡಿದ್ದಾರೆ. ಮುಂದಿನ ತಿಂಗಳು ಮತ್ತೆ ಫೀಲ್ಡ್ ಟೆಸ್ಟ್ ಇದೆ. ಆ ದಿನ ಕೇಳಬೇಕಾದ ಪ್ರಶ್ನೆಗಳನ್ನು ಗ್ರಂಥಾಲಯದ ಹಳೆಯ ಕ್ಯಾಟಲಾಗ್ ಕಾರ್ಡಿನ ಹಿಂದೆ ಬರೆದಿಟ್ಟಿದ್ದೇನೆ. ಮಗಳಿಗೆ ತಮ್ಮನೋ ತಂಗಿಯೋ ಬೇಕಂತೆ, ನಮಗೂ ಆಸೆಯಿದೆ. ಗರ್ಭಿಣಿಯಾದರೆ ಈ ಮಾತ್ರೆ ಮುಂದುವರಿಸಬಹುದೇ, ಮೊದಲೇ ನಿಲ್ಲಿಸಬೇಕೇ, ಆ ತಿಂಗಳುಗಳಲ್ಲಿ ಕಣ್ಣನ್ನು ಎಷ್ಟು ದಿನಕ್ಕೊಮ್ಮೆ ನೋಡಿಸಬೇಕು. ಮೊದಲು ಕೇಳುವುದು ಇದನ್ನು.